ಗೂಟವಿದ್ದ ಗೋಡೆ

ಕಿತ್ತೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬರು ನನ್ನ ನಕ್ಷೆಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದರು. ಅವರು ಹಾಳೆ ತಿರುವುವಷ್ಟು ಹೊತ್ತೂ ನಾನು ನಿಂತೇ ಇದ್ದೆ. ಕೊನೆಯ ಹಾಳೆ ಮುಗಿದ ಮೇಲೆ ಕನ್ನಡಕ ತೆಗೆದು, 'ಎಲ್ಲಾ ಚಲೋ ಐತಿ ತಂಗಿ. ಹಂದರಕ್ಕ ಬಟ್ಟಿ ಹಾಕ್ತೀರೋ, ತಗಡೋ?' ಎಂದು ಕೇಳಿದರು.

ಅವರನ್ನು ಬಯ್ದು ಉಪಯೋಗವಿರಲಿಲ್ಲ. ನಮ್ಮ ಕಡೆ ಡೆಕೋರೇಟರ್ ಎಂದರೆ ಮದುವೆಗೆ ಹಂದರ ಹಾಕುವವನು, ಬಣ್ಣದ ದೀಪದ ಸರ ಬಿಡುವವನು, ಖುರ್ಚಿ ಬಾಡಿಗೆಗೆ ಕೊಡುವವನು. ನಾನು ಮುಂಬಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕಲಿತು ಬಂದದ್ದು ಇಂಟೀರಿಯರ್ ಡೆಕೋರೇಶನ್. ಮನೆಯ ಒಳಗನ್ನು ಹೇಗೆ ಹೊಂದಿಸಬೇಕು, ಬೆಳಕು ಎಲ್ಲಿಂದ ಬರಬೇಕು, ಮನುಷ್ಯ ಎಲ್ಲಿ ಕೂಡಬೇಕು, ಎಲ್ಲಿ ನಡೆಯಬೇಕು ಎಂಬ ವಿದ್ಯೆ ಅದು. ಈಗ ಅದಕ್ಕೆ ಒಳಾಂಗಣ ವಿನ್ಯಾಸ ಎಂಬ ಚಂದದ ಹೆಸರಿದೆ. ಎಪ್ಪತ್ತರ ದಶಕದ ಬೈಲಹೊಂಗಲದಲ್ಲಿ ಆ ಹೆಸರಿನ ಮೊದಲ ಅರ್ಧ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಓಣಿಯ ಹೆಂಗಸರು ನಮ್ಮವ್ವನನ್ನು ತಡೆದು, 'ಮಗಳನ್ನ ಮುಂಬಯಿಗೆ ಕಳಿಸಿ ಹಂದರ ಹಾಕೂದು ಕಲಿಸಿದ್ರೇನು?' ಎಂದು ಕೇಳುತ್ತಿದ್ದರು. ನಮ್ಮವ್ವ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಸವದತ್ತಿಯಲ್ಲಿ ಅಡತಿ ಅಂಗಡಿಯವರೊಬ್ಬರು ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿಕೊಂಡೇ ಮಾತಾಡಿಸಿದರು. ಮನೆಯೊಳಗೆ ಸಾಮಾನು ಎಲ್ಲಿಡಬೇಕು ಎಂದು ಹೇಳಲು ನಮ್ಮ ಹೆಂಗಸರಿಗೆ ಬಾಯಿಲ್ಲವೇನು ಎಂದು ಕೇಳಿ, ತಮ್ಮ ಜೋಕಿಗೆ ತಾವೇ ನಕ್ಕರು. ಬೈಲಹೊಂಗಲದಲ್ಲಿ ಒಬ್ಬ ವಕೀಲರು ಮಾತ್ರ ಬಹಳ ಆಸ್ಥೆಯಿಂದ ಕೇಳಿಸಿಕೊಂಡು, ಎಲ್ಲ ಬರೆಸಿಕೊಂಡು, ಅದರಂತೆ ತಮ್ಮ ಭಾವಮೈದುನನ ಕೈಯಲ್ಲಿ ಕೆಲಸ ಮಾಡಿಸಿದರು. ಆ ಮನೆಯ ಮುಂದೆ ಹಾದು ಹೋಗುವಾಗಲೆಲ್ಲ ನನಗೆ ಕಲ್ಲೆತ್ತಿ ಒಗೆಯಬೇಕೆನಿಸುತ್ತಿತ್ತು.

ಇಷ್ಟು ಊರೂರು ಅಲೆಯಲು ಒಂದೇ ಕಾರಣ. ಮುಂಬಯಿಯಿಂದ ಬಂದ ಹೊಸದರಲ್ಲಿ ಬೆಳಗಾವಿಯ ಒಬ್ಬ ಆರ್ಕಿಟೆಕ್ಟರ ಕಚೇರಿಗೆ ಹೋಗಿದ್ದೆ. ಈ ಭಾಗದಲ್ಲಿ ನನ್ನ ವಿದ್ಯೆಗೆ ಅನ್ನ ಹಾಕಬಹುದಾದ ಬಾಗಿಲೆಂದರೆ ಅದೊಂದೇ. ನರೆತ ಮೀಸೆಯ, ಮಾತು ಕಡಿಮೆಯ ಮನುಷ್ಯ. ಕಿಟಕಿಯ ಪಕ್ಕದಲ್ಲಿ ನಕ್ಷೆ ಬರೆಯುವ ಎತ್ತರದ ಮೇಜು, ಅದರ ಮುಂದೆ ಒಂದು ಸ್ಟೂಲು ಖಾಲಿ ಇತ್ತು. ನನ್ನ ಕಣ್ಣೆಲ್ಲ ಆ ಸ್ಟೂಲಿನ ಮೇಲೆಯೇ. ಅವರು ನನಗೆ ಕುಂದರ್ರಿ ಎನ್ನಲಿಲ್ಲ.

'ಕಾಗದ ಚಂದ ಅದಾವು,' ಎಂದರು. 'ಆದ್ರ ಕಾಗದದಾಗ ಯಾರೂ ಕುಂದ್ರೂದಿಲ್ಲ. ಜನಾ ಬದುಕಿ ಬಾಳೂ ಮನಿಯೊಳಗ ಒಂದ ಖೋಲಿ ಮಾಡ್ರಿ. ಅದರ ಫೋಟೋ ತಗಸಿ ತರ್ರಿ. ಖಾಲಿ ಖೋಲಿ ಬ್ಯಾಡ, ಅದರಾಗ ಮನಶ್ಯಾರು ಇರಬೇಕು. ಯುಗಾದಿ ಆದಮ್ಯಾಲೆ ಈ ಸ್ಟೂಲು ಖಾಲಿ ಇಡೂದಿಲ್ಲ ನಾ.'

ಗಡುವು ಹಾಕಲು ನಮ್ಮ ಅಪ್ಪನಿಗೂ ಯುಗಾದಿಯೇ ಸಿಕ್ಕಿತು. ಅಪ್ಪ ಬೈಲಹೊಂಗಲದ ಹೈಸ್ಕೂಲಿನಲ್ಲಿ ಮಾಸ್ತರ. ಕೆಟ್ಟ ಮನುಷ್ಯನಲ್ಲ. ಹಟ ಹಿಡಿದು ಮುಂಬಯಿಯಲ್ಲಿ ಓದಿಸಿದ್ದೂ ಅವನೇ. ಆದರೆ ಕಿತ್ತೂರಿನಿಂದ ಒಂದು ಸಂಬಂಧ ಬಂದು ಬಾಗಿಲಲ್ಲೇ ಕೂತಿತ್ತು. 'ಯುಗಾದಿತನಕಾ ಏನೂ ಆಗಲಿಲ್ಲಂದ್ರ ಅವರಿಗೆ ಹೂಂ ಅಂತೇನಿ. ಆಮ್ಯಾಲೆ ನನ್ನ ಕಡೆ ಹಿಂಗ ಕಣ್ಣು ಮಾಡಬ್ಯಾಡ,' ಎಂದ. ಆ ಮನೆಯವರು ಆಗಲೇ ಹೇಳಿ ಕಳಿಸಿದ್ದರು, ಸೊಸೆ ಹೊರಗೆ ದುಡಿಯುವುದು ತಮ್ಮಲ್ಲಿ ಇಲ್ಲ ಅಂತ. ಅಂದರೆ ನಕ್ಷೆಗೆ ಗೆರೆ ಎಳೆಯುವ ಟೀ ಸ್ಕ್ವೇರನ್ನು ರೊಟ್ಟಿ ಬಡಿಯುವ ಕೊಣಮಿಗೆಯ ಹಿಂದೆ ಇಡಬೇಕು. ಅಷ್ಟೇ ನನ್ನ ಮುಂದಿನ ಬದುಕು.

ಒಂದು ಖೋಲಿ. ನಾಲ್ಕು ಗೋಡೆ. ಯಾರಾದರೂ ಪುಣ್ಯಾತ್ಮರು ಅದನ್ನು ನನ್ನ ಕೈಗೆ ಕೊಟ್ಟರೆ ಸಾಕಿತ್ತು.

ಅದು ಸಿಕ್ಕಿದ್ದು ಕಟಕೋಳದಲ್ಲಿ. ರಾಮದುರ್ಗದಲ್ಲಿದ್ದ ನನ್ನ ಸೋದರತ್ತೆಗೆ ಅಲ್ಲಿಯ ಒಬ್ಬ ಸಾವಕಾರರ ಮನೆಯವರ ಪರಿಚಯವಿತ್ತು. ಸಾವಕಾರರಿಗೆ ಹೊಲವೂ ಇತ್ತು, ಹತ್ತಿ ವ್ಯಾಪಾರವೂ ಇತ್ತು. ಮಗನಿಗೆ ಹುಬ್ಬಳ್ಳಿಯ ಹೆಣ್ಣು ಗೊತ್ತಾಗಿತ್ತು. ಹುಬ್ಬಳ್ಳಿಯ ಬೀಗರು ಮನೆ ನೋಡಲು ಬಂದವರು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು, ಜಂತಿ ನೋಡಿ, ಗೋಡೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅದು ಸಾವಕಾರರ ಎದೆಗೆ ನಾಟಿತ್ತು. ಮದುವೆಯೊಳಗೆ ಪಡಸಾಲೆ ಹೋಗಿ ಹಾಲ್ ಆಗಬೇಕು ಎಂದು ಪಟ್ಟು ಹಿಡಿದಿದ್ದರು.

'ಹಂದರಾನೂ ನಿಮ್ಮದ ಏನ್ರಿ ಬಾಯಾರ?' ಎಂದು ಅವರೂ ಕೇಳಿದರು.

ನಾನು ಹೂಂ ಎಂದುಬಿಟ್ಟೆ. ಅವರು ಬಾವಿ ತೋಡಲು ಬರುತ್ತದೆಯೇ ಎಂದು ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ರಾಮದುರ್ಗಕ್ಕೆ ಮರಳಿ ಬಂದು ಹಂದರದವನೊಬ್ಬನನ್ನು ಹುಡುಕಿ ಬಿದಿರಿನ ಗಳಗಳನ್ನು ಗೊತ್ತು ಮಾಡಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಅತ್ತೆಯ ಮನೆಯಲ್ಲಿದ್ದುಕೊಂಡು ದಿನಾಲೂ ಬೆಳಗಿನ ಬಸ್ಸಿಗೆ ಕಟಕೋಳಕ್ಕೆ ಹೋಗುತ್ತಿದ್ದೆ. ಮನೆ ಹಳೆಯದು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ತಲಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಎದುರಿಗೆ ಎತ್ತರದ ಪಡಸಾಲೆ. ಪಡಸಾಲೆಯ ಒಂದು ಬದಿಗೆ ದೇವರ ಮನೆಯ ಬಾಗಿಲು, ಇನ್ನೊಂದು ಬದಿಗೆ ಅಡಿಗೆ ಮನೆಯ ಬಾಗಿಲು. ಬಾಗಿಲಿಲ್ಲದ ಪೂರಾ ಗೋಡೆ ಎಂದರೆ ಒಂದೇ, ತಲಬಾಗಿಲಿಗೆ ಎದುರಾಗಿ ಇದ್ದದ್ದು. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದೇ ಅದು. ಕಾಲೇಜಿನಲ್ಲಿ ಇಂಥ ಗೋಡೆಗಾಗಿ ನಾವು ಜಗಳಾಡುತ್ತಿದ್ದೆವು. ನಾನು ಅದರುದ್ದಕ್ಕೂ ಕೂಡುವ ಕಟ್ಟೆಯಂಥ ಸೋಫಾ, ಅದರ ಮೇಲೆ ಗಾಜಿನ ಷೋಕೇಸು, ಹಿಂದೆ ತೇಗದ ಹಲಗೆ, ಅದರ ಅಂಚಿಗೆ ಅಡಗಿದ ದೀಪ ಎಂದು ಬರೆದೆ. ಸಾವಕಾರರು ನಕ್ಷೆ ನೋಡಿ ಮೀಸೆಯಲ್ಲೇ ನಕ್ಕರು. 'ಗ್ವಾಡಿ ಒಂಚೂರೂ ಕಾಣಬಾರದು ನೋಡ್ರಿ. ಮಣ್ಣಿನ ಮನಿ ಅಂತ ಬೀಗರಿಗೆ ಗೊತ್ತಾಗಬಾರದು.'

ಆ ಗೋಡೆಯ ನಡುವೆ, ಕೂತವರ ತಲೆಗಿಂತ ತುಸು ಮೇಲೆ, ಒಂದು ಕಟ್ಟಿಗೆಯ ಗೂಟವಿತ್ತು. ಎಣ್ಣೆ ಹಿಡಿದು ಕಪ್ಪಾಗಿತ್ತು. ಅದಕ್ಕೆ ಏನನ್ನೂ ತೂಗುಹಾಕಿರಲಿಲ್ಲ. ಉಳಿದ ಗೋಡೆಗಳ ಗೂಟಗಳಿಗೆಲ್ಲ ಅಂಗಿ, ರುಮಾಲು, ಬಾರುಕೋಲು ತುಂಬಿರುವಾಗ ಇದೊಂದು ಮಾತ್ರ ಖಾಲಿ ಏಕೆ ಎಂದು ನಾನು ಕೇಳಬೇಕಿತ್ತು. ಬದಲಿಗೆ ಬಡಿಗೇರನಿಗೆ, 'ಮೊದಲ ಇದನ್ನ ಕೊಯ್ದು ತಗೀರಿ,' ಎಂದೆ. ಅವನು ಗರಗಸ ಕೈಗೆತ್ತಿಕೊಂಡಿದ್ದೇ ತಡ, ಅಡಿಗೆ ಮನೆಯ ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದ ಮುದುಕಿ ಎದ್ದು ಬಂದಳು. ಸಾವಕಾರರ ತಾಯಿ. ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ನಾನೂ ಆಯಿ ಎಂದೇ ಕರೆದೆ. ಸಣ್ಣ ಆಳು, ಬಾಗಿದ ಬೆನ್ನು, ಕಣ್ಣು ಮಾತ್ರ ಚುರುಕು.

'ಗ್ವಾಡಿ ತುಂಬ ಕಟ್ಟಿಗಿ ಬಡದ ಮ್ಯಾಲೆ ನನ್ನ ಎಲ್ಲಿ ಕುಂದ್ರಸ್ತಿ ತಂಗಿ?' ಎಂದಳು.

ನಾನು ನಕ್ಷೆ ಬಿಚ್ಚಿ ತೋರಿಸಿದೆ. 'ಇಲ್ಲೆ ಕುಂದರಬಹುದು ಆಯಿ. ಫೋಮ್ ಹಾಕತೇನಿ, ಮೆತ್ತಗ ಇರತೈತಿ. ನಿಮ್ಮ ಬೆನ್ನಿಗೆ ಆರಾಮ ಆಗತೈತಿ.'

ಬಡಿಗೇರ ತಲೆ ತಗ್ಗಿಸಿದ. ಆಯಿ ನನ್ನ ಮುಖವನ್ನೇ ನೋಡಿ, ಬಾಯಲ್ಲಿದ್ದ ಎಲೆಯನ್ನು ಒಂದು ಬದಿಗೆ ಸರಿಸಿಕೊಂಡಳು.

'ಬದುಕಿರೂತನಕಾ ನಾ ಎಲ್ಲೆರೆ ಕುಂದರತೇನಿ. ಒಲಿ ಮುಂದ ಕುಂದರತೇನಿ, ಕಟ್ಟಿಮ್ಯಾಲೆ ಕುಂದರತೇನಿ. ಸತ್ತಮ್ಯಾಲೆ ಎಲ್ಲಿ ಕುಂದ್ರಸ್ತಿ ಅಂತ ಕೇಳಾಕತ್ತೇನಿ.'

ನಾನೂ ಅವರಂತೆ ಲಿಂಗಾಯತರ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಬೆನ್ನು ಹಚ್ಚಿ ಕುಳ್ಳಿರಿಸುತ್ತಾರೆ. ತಲೆ ವಾಲದಂತೆ ಒಂದು ಬಟ್ಟೆಯಿಂದ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ. ಬಂದವರು ಎದುರಿಗೆ ನಿಂತು ಕೈಮುಗಿಯುತ್ತಾರೆ, ಭಜನೆ ಹಾಡುತ್ತಾರೆ, ಕೂತ ಹಾಗೆಯೇ ಹೊತ್ತು ಒಯ್ಯುತ್ತಾರೆ. ನನ್ನ ಸ್ವಂತ ಮುತ್ಯಾನನ್ನು, ಅಪ್ಪನ ಅಪ್ಪನನ್ನು, ಹಾಗೆ ಕೂಡಿಸಿದ್ದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೆ. ಆದರೂ ಆ ಗೋಡೆಯ ಮುಂದೆ ಟೇಪು ಹಿಡಿದು ನಿಂತಾಗ ಅದು ನೆನಪಿಗೆ ಬಂದಿರಲಿಲ್ಲ. ಷೋಕೇಸು ನೆನಪಿಗೆ ಬಂದಿತ್ತು.

'ಈ ಗೂಟಕ್ಕ ನಮ್ಮ ಅತ್ತಿನ್ನ ಕಟ್ಟಿದ್ರು,' ಎಂದಳು ಆಯಿ. 'ನನ್ನ ಗಂಡನ್ನ ಕಟ್ಟಿದ್ರು. ಒಂದ ಕೂಸ ಹೋತು, ಅದನ್ನ ನನ್ನ ತೊಡಿಮ್ಯಾಲೆ ಹಿಡಕೊಂಡು ಇಲ್ಲೇ ಕುಂತಿದ್ದೆ. ಈಗ ಪಾಳಿ ನಂದು. ಗೂಟಕ್ಕ ಕೈ ಹಚ್ಚಬ್ಯಾಡ.'

ಸಾವಕಾರರು ಹೊರಗಿನಿಂದ ಬಂದವರು ಇದನ್ನು ಕೇಳಿ ಕೆಂಡವಾದರು. ಮದುವೆಯ ಮನೆಯಲ್ಲಿ ಸಾವಿನ ಮಾತು ಆಡಬಾರದು ಎಂದು ತಾಯಿಗೆ ಗದರಿದರು. ನನ್ನ ಕಡೆ ತಿರುಗಿ, 'ಆಕಿ ಮಾತ ಕಿವಿಗೆ ಹಾಕ್ಕೋಬ್ಯಾಡ್ರಿ. ಗ್ವಾಡಿ ತುಂಬಬೇಕಂದ್ರ ತುಂಬಬೇಕು. ಒಂದ ಬೆರಳಿನಷ್ಟು ಬಿಟ್ರೂ ಕೆಲಸ ಬ್ಯಾಡ ನನಗ,' ಎಂದು ಎಚ್ಚರಿಕೆ ಕೊಟ್ಟು ಹೊರಟು ಹೋದರು. ಆಯಿ ಒಳಗೆ ಹೋಗಿ ತನ್ನ ಕೌದಿ ತಂದು, ಗೂಟದ ಕೆಳಗೆ ಹಾಸಿ, ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟಳು.

ಮರುದಿನ ನಾನು ಬಸ್ಸಿಳಿದು ಬಂದಾಗಲೂ ಅಲ್ಲೇ ಕೂತಿದ್ದಳು. ಅದರ ಮರುದಿನವೂ. ಬಡಿಗೇರ ಹೊರಗಿನ ಕಟ್ಟೆಯ ಮೇಲೆ ಹಲಗೆಗಳಿಗೆ ರಂದಾ ಹೊಡೆಯುತ್ತ ಕಾಲ ಕಳೆದ. ಆಮೇಲೆ ಹೊಡೆಯಲು ಹಲಗೆ ಉಳಿಯಲಿಲ್ಲ, ಬೀಡಿ ಸೇದುತ್ತ ಕೂತ. ಬೇವು ಚಿಗುರಿತ್ತು. ಅದನ್ನು ನೋಡಿದಾಗಲೆಲ್ಲ ಯುಗಾದಿಗೆ ಉಳಿದ ದಿನ ಎಣಿಸುತ್ತಿದ್ದೆ. ಸಾವಕಾರರು ತಾಯಿಯನ್ನು ಎತ್ತಿ ಒಯ್ಯುವಷ್ಟು ಗಟ್ಟಿಗರಲ್ಲ. ನನ್ನ ಮೇಲೆ ಹರಿಹಾಯುವಷ್ಟು ಗಟ್ಟಿಗರಾಗಿದ್ದರು. 'ಒಂದ ಮುದುಕಿನ್ನ ಒಪ್ಪಸಾಕ ಆಗೂದಿಲ್ಲ, ಮುಂಬಯ್ದಾಗ ಏನ ಕಲತ್ರಿ?' ಎಂದರು.

ಬೈಲಹೊಂಗಲದಿಂದ ಅಪ್ಪ ಹೇಳಿ ಕಳಿಸಿದ. ಕಿತ್ತೂರಿನವರು ಮಾತು ಮುಗಿಸಲು ಬರುತ್ತಾರೆ, ಹಬ್ಬದ ಹೊತ್ತಿಗೆ ಮನೆಯಲ್ಲಿರು ಎಂದು. ಅಂದು ಬೆಳಿಗ್ಗೆ ಬಸ್ಸಿನ ಕಿಟಕಿಗೆ ತಲೆ ಹಚ್ಚಿಕೊಂಡು ಕಟಕೋಳಕ್ಕೆ ಹೋಗುವಾಗ ಒಂದು ಯೋಚನೆ ತಾನಾಗಿ ಬಂತು. ಈ ಮುದುಕಿ ಈಗಲೇ ಸತ್ತು ಹೋಗಬಾರದೇ? ಕೂಡಿಸುವುದನ್ನು ಕೂಡಿಸಿ, ಒಯ್ಯುವುದನ್ನು ಒಯ್ದರೆ, ಗೋಡೆ ನನ್ನದಾಗುತ್ತದೆ. ಯೋಚನೆ ಬಂದದ್ದೇ ನನ್ನ ಮೇಲೆ ನನಗೇ ಹೇಸಿಗೆ ಆಯಿತು. ಆದರೆ ಅದು ಹೋಗಲಿಲ್ಲ. ಕಟಕೋಳ ಬರುವ ತನಕ ಜೊತೆಗೇ ಕೂತಿತ್ತು.

ಆ ಬೆಳಿಗ್ಗೆ ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ನಾನು ಹೋಗಿ ಆಯಿಯ ಎದುರಿಗೆ ನೆಲದ ಮೇಲೆ ಕೂತೆ. ಸಿಟ್ಟಿನಿಂದಲೇ ಶುರು ಮಾಡಿದೆ. ನನ್ನ ಹೊಟ್ಟೆಯ ಮೇಲೆ ಯಾಕೆ ಕೂತಿದ್ದೀಯ ಎಂದೆ. ಬೆಳಗಾವಿಯ ಸ್ಟೂಲಿನ ಮಾತು ಹೇಳಿದೆ, ಫೋಟೋದ ಮಾತು ಹೇಳಿದೆ, ಕಿತ್ತೂರಿನವರ ಮಾತು ಹೇಳಿದೆ. ಹೇಳುತ್ತ ಹೇಳುತ್ತ ಮೂಗು ಸೋರಿತು, ಸೆರಗಿನಿಂದ ಒರೆಸಿಕೊಂಡೆ. ಆಯಿ ಎಲ್ಲ ಕೇಳಿಸಿಕೊಂಡಳು.

'ಅಂದ್ರ ನಿನಗೂ ಕುಂದರಾಕ ಜಾಗಾ ಬೇಕು,' ಎಂದಳು.

'ಹೌದು ಆಯಿ.'

'ನನಗೂ ಬೇಕು. ಹಂಗಾರ ಇಬ್ಬರಿಗೂ ಮಾಡು. ಸಾಲಿ ಕಲತಾಕಿ ನೀ, ನನ್ನ ಯಾಕ ಕೇಳ್ತಿ?'

ನಾನು ಗೋಡೆ ನೋಡಿದೆ. ನಕ್ಷೆ ನೋಡಿದೆ. ಮುಂಬಯಿಯಿಂದ ಬಂದ ಮೇಲೆ ಮೊದಲ ಬಾರಿಗೆ ತಲೆ ಓಡತೊಡಗಿತು. ಸೋಫಾದ ನಡುವಿನ ಭಾಗ ಮಾತ್ರ ಗೋಡೆಗೆ ಜಡಿಯದೆ ಬಿಡಬಹುದು. ಅದರ ಹಿಂದಿನ ಹಲಗೆಗೆ ಮೊಳೆಯ ಬದಲು ಎರಡು ಕೊಂಡಿ ಹಾಕಬಹುದು. ಕೊಂಡಿ ತೆಗೆದು ಎಳೆದರೆ ಸೀಟು, ಹಲಗೆ, ಮೇಲಿನ ಷೋಕೇಸಿನ ಕೆಳಗಿನ ಖಾನೆ ಎಲ್ಲ ಒಟ್ಟಿಗೆ ಈಚೆ ಬರುತ್ತವೆ. ಹಿಂದೆ ಗೋಡೆ ಇರುತ್ತದೆ. ಗೂಟ ಇರುತ್ತದೆ. ಮುಚ್ಚಿಟ್ಟರೆ ಬೀಗರಿಗಷ್ಟೇ ಅಲ್ಲ, ಸಾವಕಾರರಿಗೂ ತಿಳಿಯುವುದಿಲ್ಲ.

ಆಯಿಗೆ ಹೇಳಿದೆ. ಅವಳು ಕೌದಿಯ ಮೇಲೆ ನೆಟ್ಟಗೆ ಕೂತು, ಬಾಗಿದ ಬೆನ್ನನ್ನು ಬಲವಂತದಿಂದ ಗೋಡೆಗೆ ಒತ್ತಿ, ಕಾಲು ಮಡಚಿ ಪದ್ಮಾಸನ ಹಾಕಿದಳು.

'ತಗೋ, ಅಳತಿ ತಗೋ.'

ಕಾಲೇಜಿನಲ್ಲಿ ನಮಗೆ ಒಂದು ಪುಸ್ತಕವಿತ್ತು. ಮನುಷ್ಯ ಕೂತರೆ ಎಷ್ಟು ಅಗಲ, ನಿಂತರೆ ಎಷ್ಟು ಎತ್ತರ, ಎಲ್ಲ ಅದರಲ್ಲಿ ಅಚ್ಚಾಗಿತ್ತು. ನಿಜವಾದ ಮನುಷ್ಯರ ಮೈಗೆ ನಾನು ಟೇಪು ಹಿಡಿದದ್ದು ಅದೇ ಮೊದಲು. ಟೇಪು ಕೈಜಾರಿ ಸುರುಳಿ ಬಿಚ್ಚಿಕೊಂಡು ಅವಳ ಮಡಿಲಿಗೆ ಬಿತ್ತು. 'ಹೆದರಬ್ಯಾಡ, ಇನ್ನಾ ಸತ್ತಿಲ್ಲ,' ಎಂದು ಆಯಿ ನಕ್ಕಳು. ನಾನು ಮೊಣಕಾಲಿನಿಂದ ಮೊಣಕಾಲಿಗೆ ಹಿಡಿದೆ.

'ಜರಾ ದೊಡ್ಡದ ಇರಲಿ. ಜೀವ ಹೋದಮ್ಯಾಲೆ ಕಾಲ ಹಿಂಗ ಮಾತ ಕೇಳೂದಿಲ್ಲ. ನಮ್ಮ ಅತ್ತಿದು ಒತ್ತಿ ಒತ್ತಿ ಮಡಚಿದ್ರು, ನಾ ನೋಡೇನಿ.'

ನಾನು ಬರೆದುಕೊಂಡೆ.

'ಎರಡೂ ಬಾಜೂ ಹೂವಿಗೆ ಜಾಗಾ ಬಿಡು. ಹೂವ ಒತ್ತಬಾರದು. ಮತ್ತ ಮುಂದ ಮಂದಿ ಬಾಗಿ ಪಾದ ಮುಟ್ಟಬೇಕಲ್ಲ, ಅಡ್ಡ ಏನೂ ಇಡಬ್ಯಾಡ.'

ಅದನ್ನೂ ಬರೆದುಕೊಂಡೆ. ಕಣ್ಣಲ್ಲಿ ನೀರು ತುಂಬಿ ಅಂಕಿಗಳು ಕಾಣುತ್ತಿರಲಿಲ್ಲ. ಆಯಿ ಒಂದೇ ಸಮನೆ ಹೇಳುತ್ತಿದ್ದಳು. ಮನೆ ಕಟ್ಟಿಸುವವರು ಬಚ್ಚಲು ಎಲ್ಲಿರಬೇಕು, ಕಿಟಕಿ ಎಲ್ಲಿರಬೇಕು ಎಂದು ಹೇಳುವ ಹಾಗೆ. ತನಗೇನು ಬೇಕು ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ ಗಿರಾಕಿ ಆಮೇಲೆ ನನಗೆ ಸಿಗಲಿಲ್ಲ.

ಎದ್ದು ಕೌದಿ ಮಡಚಿಕೊಳ್ಳುತ್ತ, 'ಫೋಟೋದಾಗ ಮನಶ್ಯಾರು ಇರಬೇಕು ಅಂದಿಯಲ್ಲ, ಅವತ್ತ ನಾ ಕುಂದರತೇನಿ ಬಿಡು. ಚಲೋ ಸೀರಿ ಉಟಗೊಂಡು ಕುಂದರತೇನಿ,' ಎಂದಳು.

ಬಡಿಗೇರನಿಗೆ ಮಾತ್ರ ವಿಷಯ ಹೇಳಿದೆ. ಅವನು ಕೊಂಡಿಗಳಿಗೆ ಎಣ್ಣೆ ಹಾಕಿ ನಾಲ್ಕಾರು ಸಲ ಎಳೆದು ನೋಡಿದ. ಕೆಲಸ ಓಡಿತು. ತೇಗದ ಹಲಗೆ ಏರಿತು, ಗಾಜು ಬಂತು, ಮೆರೂನ್ ಬಣ್ಣದ ರೆಗ್ಜಿನ್ ಬಂತು, ಅಡಗಿದ ದೀಪ ಹತ್ತಿತು. ಸಾವಕಾರರು ಸೋಫಾದ ನಡುವೆಯೇ ಕೂತು ಎರಡು ಕೈ ಅಗಲಿಸಿ, 'ಗ್ವಾಡಿ ಎಲ್ಲೈತಿ ಹೇಳ್ರಿ ನೋಡೂನು!' ಎಂದು ಬಂದವರಿಗೆಲ್ಲ ಸವಾಲು ಹಾಕಿದರು. ಅವರ ಬೆನ್ನ ಹಿಂದೆಯೇ ಗೂಟವಿತ್ತು. ಅಡಿಗೆ ಮನೆಯ ಬಾಗಿಲಲ್ಲಿ ಕೂತ ಆಯಿ ನನ್ನ ಕಡೆ ನೋಡಿ ಎಲೆಗೆ ಸುಣ್ಣ ಹಚ್ಚಿದಳು. ರಾಮದುರ್ಗದ ಸ್ಟುಡಿಯೋದವರಿಗೆ ಹೇಳಿ ಫೋಟೋಕ್ಕೆ ದಿನ ಗೊತ್ತು ಮಾಡಿದೆ. ಯುಗಾದಿಗೆ ಇನ್ನೂ ತುಸು ದಿನ ಉಳಿದಿತ್ತು. ಹಂದರದ ಗಳಗಳೂ ಬಂದು ಬಾಗಿಲ ಮುಂದೆ ಬಿದ್ದವು. ಅತ್ತೆಯ ಮನೆಯಲ್ಲಿ ಅಂದು ಹೊಟ್ಟೆ ತುಂಬ ಉಂಡೆ.

ಫೋಟೋದ ದಿನ ಬೆಳಿಗ್ಗೆ ಬಸ್ಸಿಳಿದು ಓಣಿಗೆ ತಿರುಗುವಾಗಲೇ ಅಳು ಕೇಳಿಸಿತು. ಆಯಿ ಬೆಳಗಿನ ಜಾವ ಎದ್ದು ಬಚ್ಚಲಿಗೆ ಹೋದವಳು, ಬಂದು ಒಲೆಯ ಮುಂದೆ ಕೂತು, ಹಾಗೇ ಒರಗಿದ್ದಳಂತೆ. ಮನೆಯಲ್ಲಿ ಮಂದಿ ತುಂಬಿತ್ತು. ಮೈ ತೊಳೆದು ಮುಗಿದಿತ್ತು. ಕೂಡಿಸಲು ಜಾಗವಿರಲಿಲ್ಲ. ದನದ ಕಡೆ ಕೂಡಿಸಲು ಬರುವುದಿಲ್ಲ, ಬಾಗಿಲಿಗೆ ಅಡ್ಡ ಕೂಡಿಸಲು ಬರುವುದಿಲ್ಲ. ಹಿರಿಯರೊಬ್ಬರು ಸಾವಕಾರರನ್ನು ನಿಲ್ಲಿಸಿ ಬಯ್ಯುತ್ತಿದ್ದರು. ಸಾವಕಾರರು ಅಳುತ್ತ ನಿಂತಿದ್ದರು. ಒಬ್ಬ ಕಬ್ಬಿಣದ ಹಾರೆ ಹಿಡಿದು ನನ್ನ ಷೋಕೇಸಿನ ಮುಂದೆ ನಿಂತಿದ್ದ. ಗಾಜಿಗೆ ಏಟು ಹಾಕಲು ಎತ್ತಿದ್ದ.

'ಬಡೀಬ್ಯಾಡ್ರಿ!' ಎಂದು ಕಿರುಚಿದೆ. ಎಲ್ಲರೂ ತಿರುಗಿದರು. ಮಂದಿಯನ್ನು ನೂಕಿಕೊಂಡು ಹೋಗಿ ಸೋಫಾದ ಮೇಲೆ ಮೊಣಕಾಲೂರಿ, ಹಲಗೆಯ ಸಂದಿಗೆ ಬೆರಳು ಹಾಕಿ ಎರಡೂ ಕೊಂಡಿ ತೆಗೆದು ಕೆಳಗಿಳಿದೆ. ಎಳೆದೆ. ನಡುವಿನ ಭಾಗ ಸದ್ದಿಲ್ಲದೆ ಈಚೆ ಬಂತು. ಮಣ್ಣಿನ ಗೋಡೆ, ಅದರ ನಡುವೆ ಕಪ್ಪು ಗೂಟ. ಹಾರೆ ಹಿಡಿದವನು ಅದನ್ನು ಕೆಳಗಿಟ್ಟ.

ಅವಳನ್ನು ತಂದು ಅಲ್ಲಿ ಕೂಡಿಸಿದರು. ಸರಿಯಾಗಿ ಹಿಡಿಸಿತು. ಮೊಣಕಾಲಿಗೆ ತಾಗಲಿಲ್ಲ, ಹೂವು ಒತ್ತಲಿಲ್ಲ, ಪಾದ ಮುಟ್ಟುವವರಿಗೆ ಅಡ್ಡ ಏನೂ ಇರಲಿಲ್ಲ. ಹಿರಿಯರು ಬಿಳಿ ಬಟ್ಟೆ ತಂದು ತಲೆಯನ್ನು ಗೂಟಕ್ಕೆ ಕಟ್ಟಿದರು. ಇಳಕಲ್ ಸೀರೆ ಉಡಿಸಿದ್ದರು. ನಾನು ಅಡಿಗೆ ಮನೆಯ ಬಾಗಿಲಲ್ಲಿ, ಅವಳು ದಿನಾಲೂ ಕೂಡುತ್ತಿದ್ದಲ್ಲಿ ಕುಸಿದು ಕೂತು ಅತ್ತೆ. ಬಸ್ಸಿನ ಕಿಟಕಿಯ ಆ ಯೋಚನೆಗೂ ಅತ್ತೆ.

ಮನೆಯ ಮುಂದೆ ಬಿಸಿಲು ಏರಿದಂತೆ ಗಂಡಸರು ಮದುವೆಯ ಗಳಗಳನ್ನೇ ನಿಲ್ಲಿಸಿ ನೆರಳಿಗೆ ಬಟ್ಟೆ ಕಟ್ಟಿದರು. ಹಂದರ ನನ್ನದೇ ಆಯಿತು.

ಅಷ್ಟರಲ್ಲಿ ಸ್ಟುಡಿಯೋದವನು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದ. ಅವನಿಗೆ ಏನೂ ತಿಳಿದಿರಲಿಲ್ಲ. ಬಾಗಿಲಲ್ಲಿ ಅವನನ್ನು ಕಂಡ ಸಾವಕಾರರು, ಫೋಟೋದವನನ್ನು ಯಾರೋ ತಾಯಿಗಾಗಿ ಕರೆಸಿದ್ದಾರೆ ಎಂದುಕೊಂಡು, 'ಬರ್ರಿ, ನಮ್ಮವ್ವಂದ ಒಂದ ತಗೀರಿ,' ಎಂದು ಒಳಗೆ ಕರೆದರು. ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಪಡಸಾಲೆ ಕತ್ತಲೆ ಎಂದು ಅವನು ಷೋಕೇಸಿನ ಅಡಗಿದ ದೀಪ ಹಾಕಿಸಿ, ಹಿಂದೆ ಸರಿದು, ಗೋಡೆಯೆಲ್ಲ ಹಿಡಿಯುವ ಹಾಗೆ ತೆಗೆದ.

ಮಣ್ಣು ಮಾಡಿ ಬಂದ ಮೇಲೆ ಸಾವಕಾರರು ನನ್ನನ್ನು ಕರೆದರು. ಅಳು ಇಳಿದು ಸಿಟ್ಟು ಏರಿತ್ತು.

'ಇದನ್ನ ಮೊದಲ ಮಾಡಿಟ್ಟಿದ್ದಿ ಏನು? ಲಗ್ನದ ಮನ್ಯಾಗ ಹೆಣಕ್ಕ ಜಾಗಾ ಮಾಡಿ ಇಟ್ಟಿ. ಮಾಡಿದ್ದಕ್ಕ ಆಕಿ ಹೋದಳು.'

'ಆಯಿನ ಹೇಳಿದ್ರಿ. ಅವರ ಅಳತಿ ಕೊಟ್ರು...'

'ಬಾಯಿ ಮುಚ್ಚ. ಈ ಮನಿ ಹೊಸ್ತಿಲ ಮತ್ತ ತುಳೀಬ್ಯಾಡ. ಆ ಕಟ್ಟಿಗಿ ಎಲ್ಲಾ ನಾಳಿ ಕಿತ್ತ ಒಲಿಗೆ ಹಾಕಸ್ತೇನಿ.'

ಹಾಕಿಸಿದರು ಕೂಡ. ಬಡಿಗೇರನೇ ಬಂದು ಹೇಳಿದ. ನಾನು ಮಾಡಿದ ಖೋಲಿ ಒಂದು ವಾರವೂ ಬಾಳಲಿಲ್ಲ. ನನ್ನ ಹತ್ತಿರ ತೋರಿಸಲು ಏನೂ ಉಳಿಯಲಿಲ್ಲ. ಅತ್ತೆ ನನ್ನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ರಾಮದುರ್ಗದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಸ್ಟುಡಿಯೋ ಇತ್ತು. ಅವನು ಕರೆದು ಒಂದು ಲಕೋಟೆ ಕೊಟ್ಟ. 'ನೀವ ಕರೆಸಿದ್ದಲ್ರಿ ನನ್ನ. ಸಾವಕಾರಗ ಒಂದ ಕೊಟ್ಟೇನಿ, ಇದು ನಿಮಗ,' ಎಂದ.

ಯುಗಾದಿಯ ಹಿಂದಿನ ದಿನ ಅಪ್ಪನಿಗೆ ಒಂದೇ ಮಾತು ಹೇಳಿದೆ, ಇವತ್ತೊಂದು ದಿನ ಬೆಳಗಾವಿಗೆ ಹೋಗಿ ಬರುತ್ತೇನೆ ಎಂದು. ಕಿತ್ತೂರಿನವರು ಸಂಜೆಗೆ ಬರುವವರಿದ್ದರು. ಅಪ್ಪ ನನ್ನ ಮುಖ ನೋಡಿ ಹೋಗು ಎಂದ.

ಆರ್ಕಿಟೆಕ್ಟರು ಲಕೋಟೆಯಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ನಾನು ನಿಂತಿದ್ದೆ. ಸ್ಟೂಲು ಕಿಟಕಿಯ ಪಕ್ಕದಲ್ಲಿ ಇನ್ನೂ ಖಾಲಿ ಇತ್ತು. ಫೋಟೋದಲ್ಲಿ ಆಯಿ ನೆಟ್ಟಗೆ ಕೂತಿದ್ದಳು. ಮೇಲೆ ಷೋಕೇಸಿನ ಗಾಜು ಹೊಳೆಯುತ್ತಿತ್ತು. ಎರಡು ಬದಿಗೆ ತೇಗದ ಹಲಗೆಯ ಗೆರೆ ಒಂದಕ್ಕೊಂದು ಸಮನಾಗಿ ಬಂದು ಅವಳ ಹೂವಿನ ಹತ್ತಿರ ನಿಂತಿತ್ತು. ಅವರು ಬಹಳ ಹೊತ್ತು ನೋಡಿದರು.

'ಬದುಕಿ ಬಾಳೂ ಮಂದಿ ಇರಬೇಕು ಅಂದಿದ್ದೆ,' ಎಂದರು.

'ಅಳತಿ ಕೊಡೂವಾಗ ಬದುಕಿದ್ರರಿ.'

ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು. ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಫೋಟೋಕ್ಕೆ ಬಾಗಿ, ಎರಡು ಬದಿಯ ಖಾಲಿ ಜಾಗಕ್ಕೆ ಪೆನ್ಸಿಲಿನ ತುದಿ ಇಟ್ಟರು.

'ಇದು?'

'ಹೂವಿಗ್ರಿ. ಹೂವ ಒತ್ತಬಾರದು ಅಂದಿದ್ರು.'

'ಯಾರು?'

'ಫೋಟೋದಾಗ ಕುಂತಾರಲ್ರಿ, ಅವರ.'

ಅವರು ಫೋಟೋವನ್ನು ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟರು. ಮುಗಿಯಿತು ಎಂದುಕೊಂಡೆ. ಕಿತ್ತೂರಿನವರು ಆಗಲೇ ಬಸ್ಸು ಹತ್ತಿರಬೇಕು ಎಂದುಕೊಂಡೆ. ಲಕೋಟೆಯನ್ನು ಎದೆಗೊತ್ತಿಕೊಂಡು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಕಟ್ಟಿಗೆಯ ಕಾಲು ನೆಲಕ್ಕೆ ಉಜ್ಜಿದ ಸಪ್ಪಳವಾಯಿತು. ತಿರುಗಿ ನೋಡಿದರೆ ಅವರು ಸ್ಟೂಲನ್ನು ಮೇಜಿನ ಮುಂದಕ್ಕೆ ಎಳೆದಿದ್ದರು.

'ಕುಂದರ್ರಿ,' ಎಂದರು.

ಕೂತೆ. ಸ್ಟೂಲು ನನಗೆ ಎತ್ತರವಾಗಿತ್ತು, ಕಾಲು ನೆಲಕ್ಕೆ ಮುಟ್ಟಲಿಲ್ಲ. ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಅವರು ಕಾಗದ ಒದ್ದೆಯಾಗುತ್ತದೆ ಎಂದಷ್ಟೇ ಹೇಳಿ, ಟೀ ಸ್ಕ್ವೇರನ್ನು ನನ್ನ ಕಡೆ ಸರಿಸಿದರು.